ಹದಿನಾರು ಸ್ವಾಮಾರದ ಓಟ

ನನ್ನ ಬಾಯಿ ಕೆಟ್ಟದು ಅಂತ ಬಬಲೇಶ್ವರದಾಗ ನಮ್ಮ ಓಣಿ ಮಂದಿಗೆಲ್ಲ ಗೊತ್ತೈತಿ. ತಿಕೋಟಾದ ಹೈಸ್ಕೂಲಿಗೆ ಪಿ.ಟಿ. ಅಕ್ಕೋರಾಗಿ ಹೋದ ಮೊದಲನೇ ವಾರದಾಗನ ಹೆಡ್‌ಮಾಸ್ತರ ಜೋಡಿ ಜಗಳ ತಗದಾಕಿ ನಾನು. ಹಾಕಿ ಆಡೋ ಹುಡುಗೇರಿಗೆ ಮೈದಾನ ಬಿಟ್ಟು ಕೊಡ್ರಿ ಅಂದ್ರ, ಅವರು ಅಲ್ಲಿ ಯಾರದೋ ಮದಿವಿ ಪೆಂಡಾಲ ಹಾಕಾಕ ಒಪ್ಪಿಗಿ ಕೊಟ್ಟು ಕುಂತಿದ್ರು. "ಅಕ್ಕೋರ, ಹೆಣ್ಣಹುಡುಗೇರು ಕಟಗಿ ಹಿಡಕೊಂಡು ಓಡ್ಯಾಡಿ ಏನ ಮಾಡ್ತಾವ್ರಿ?" ಅಂದ್ರು. "ನೀವು ಕುರ್ಚಿ ಹಿಡಕೊಂಡು ಕುಂತು ಏನ ಮಾಡೀರಿ ಹೇಳ್ರಿ, ಆಮ್ಯಾಲ ನಾ ಹೇಳ್ತೀನಿ" ಅಂದೆ. ಆವತ್ತಿಂದ ಮೈದಾನ ನಮ್ಮದಾತು. ಇಷ್ಟು ಬಾಯಿ ಇರಾಕಿ, ಆಡಬೇಕಾದ ಒಂದು ಮಾತು ಆಡಬೇಕಾದಲ್ಲಿ ಆಡಲಿಲ್ಲ. ಅದನ್ನ ಬರೀಬೇಕಂತ ಕುಂತೇನಿ.

ಆವಾಗೆಲ್ಲ ಹುಡುಗೇರನ್ನ ಆರಸಾಕ ನನ್ನ ಹತ್ರ ಇದ್ದ ಯಂತ್ರ ಅಂದ್ರ ಇವೆರಡು ಕಣ್ಣು. ಚೆಂಡು ಬರೋಕಿಂತ ಮೊದಲ ಯಾರ ಕಾಲು ತಿರಗತಾವ, ಬಿದ್ದಾಕಿ ಎಷ್ಟೊತ್ತಿಗೆ ಏಳತಾಳ, ಬೈಸಿಕೊಂಡಾಕಿ ಮುಖ ಹ್ಯಾಂಗ ಮಾಡ್ತಾಳ, ಇಷ್ಟ ನೋಡ್ತಿದ್ದೆ. ಜೈನಾಪುರದ ಹುಡುಗಿ ನನ್ನ ಕಣ್ಣಿಗೆ ಬಿದ್ದಿದ್ದೂ ಹಂಗ. ತಾಲ್ಲೂಕು ಮಟ್ಟದ ಆಟಕ್ಕ ಬಬಲೇಶ್ವರಕ್ಕ ಬಂದಿದ್ಲು. ಎಂಟನೇತ್ತೆ ಹುಡುಗಿ, ಕಾಲಾಗ ಬೂಟಿಲ್ಲ, ಕೈಯಾಗಿನ ಸ್ಟಿಕ್ಕೂ ಮತ್ತೊಬ್ಬಾಕಿದು. ಎರಿ ಮಣ್ಣಿನ ಮೈದಾನ, ಹಿಂದಿನ ದಿನದ ಮಳಿಗೆ ಹೆಜ್ಜಿ ಇಟ್ಟಲ್ಲಿ ಕಾಲು ಹೂಳತಿದ್ದವು. ಎಲ್ಲಾರೂ ದಣದು ನಿಂತಾಗ ಈಕಿ ಒಬ್ಬಾಕಿನ ಇನ್ನೂ ಓಡಾಕತ್ತಿದ್ಲು. ಆಟ ಮುಗದ ಮ್ಯಾಲೂ ಓಡಿದ್ಲು, ಊರಿಗೆ ಹೋಗೋ ಬಸ್ ಹಿಡಿಯಾಕ.

ಮರುದಿನನ ಅವರ ಮನಿಗೆ ಹೋದೆ. ಮೊದಲ ಕುರಿ ಹೊಡಕೊಂಡು ಊರೂರು ತಿರುಗೋ ಮನಿತನ, ಈಗ ಹೊಲ ಮಾಡ್ಕೊಂಡು ನೆಲಿ ನಿಂತಾರ. ಕುರಿ ಒಂದಿಪ್ಪತ್ತು ಉಳದಾವ. ವಿಜಯಪುರದಾಗ ಹುಡುಗೇರ ಕ್ರೀಡಾ ಹಾಸ್ಟೆಲ್ ಐತಿ, ಊಟ, ಸಾಲಿ, ಆಟ ಎಲ್ಲಾ ಅಲ್ಲೇ ಆಗತೈತಿ, ನಾನೂ ಡೆಪ್ಯುಟೇಶನ್ ಮ್ಯಾಲ ಅಲ್ಲಿಗೇ ಹೊಂಟೇನಿ, ಕಳಸ್ರಿ ಅಂದೆ. ಅವರಪ್ಪ ಅಂದ, "ನೋಡ್ರಿ ಅಕ್ಕೋರ, ದೊಡ್ಡಾಕಿನ್ನ ಆಕಿ ಸೋದರಮಾವಗ ಕೊಟ್ಟೇವಿ. ಸಣ್ಣ ಮಾವ ಈಕಿಗಿ ಕಾಯಾಕತ್ತಾನ. ನೀವು ಇಟ್ಟಕೊಂಡಷ್ಟು ದಿನ ಇಟ್ಟಕೋರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲಿಂದ ಹೊಳ್ಳಿ ಕಳಿಸಿದ್ರಂದ್ರ ಸಾಲೀನೂ ಮುಗೀತು, ಆಟಾನೂ ಮುಗೀತು. ಆಮ್ಯಾಲ ನೀವು ಕೇಳಾಕ ಬರಬ್ಯಾಡ್ರಿ." ಹುಡುಗಿ ಬಾಗಲ ಹಿಂದ ನಿಂತು ಕೇಳಾಕತ್ತಿದ್ಲು. ಆಕಿ ಕೇಳಾಕತ್ತಾಳ ಅಂತ ನನಗೂ ಗೊತ್ತಿತ್ತು, ಅವರಪ್ಪಗೂ ಗೊತ್ತಿತ್ತು.

ಹಾಸ್ಟೆಲಿನ್ಯಾಗ ಮೊದಲನೇ ವರ್ಷ ಛಲೋ ಹೋತು. ಎರಡನೇ ವರ್ಷ ಮೈಸೂರು ಕಡಿಯಾತ ಒಬ್ಬ ಸರ್ ಬಂದ. ಕೈಯಾಗ ಲ್ಯಾಪ್‌ಟಾಪು, ಬೆನ್ನಿಗೆ ದೊಡ್ಡ ಚೀಲ. ಚೀಲದ ತುಂಬ ಬನೀನು. ಒಂದೊಂದು ಬನೀನಿನ ಬೆನ್ನಾಗ ಬೆಂಕಿಪೆಟ್ಟಿಗಿಯಷ್ಟು ಒಂದು ಯಂತ್ರ. ಹುಡುಗಿ ಎಷ್ಟು ದೂರ ಓಡಿದ್ಲು, ಎಷ್ಟು ಜೋರ ಓಡಿದ್ಲು, ಎಲ್ಲಿ ನಿಂತ್ಲು, ಎದಿ ಎಷ್ಟು ಬಡಕೊಂತು, ಎಲ್ಲಾ ಅದು ಬರಕೊಂತಿತ್ತು. ಆಮ್ಯಾಲ ಲ್ಯಾಪ್‌ಟಾಪಿನ್ಯಾಗ ಒಬ್ಬೊಬ್ಬಾಕಿ ಹೆಸರಿನ ಮುಂದ ಬಣ್ಣ ಬರ್ತಿತ್ತು: ಹಸರು, ಹಳದಿ, ಕೆಂಪು. ಹುಡುಗೇರು ಅಂವಗ ಲ್ಯಾಪ್‌ಟಾಪ್ ಸರ್ ಅಂತ ಹೆಸರಿಟ್ರು. ನಾ ಅಂತೂ ಮೊದಲನೇ ದಿನಾನ ಕೇಳಿದೆ, "ಏನ್ ಸರ್, ಎಮ್ಮಿ ಹಾಲು ಡೇರಿಗೆ ಹಾಕೋ ಮುಂದ ಫ್ಯಾಟ್ ನೋಡ್ತಾರಲ್ರಿ, ಹಂಗೇನ್ರಿ ಇದು?" ಅಂವ ಸಿಟ್ಟಿಗೇಳಲಿಲ್ಲ. "ಹಾಗೇ ಅಂದ್ಕೊಳ್ಳಿ ಮೇಡಂ" ಅಂತ ನಕ್ಕ.

ಅಂವ ಕೆಟ್ಟ ಮನಷ್ಯಾ ಆಗಿದ್ರ ಇದನ್ನ ಬರಿಯೋದು ಸರಳ ಆಗತಿತ್ತು. ಕೆಟ್ಟಾಂವಲ್ಲ. ಒಂದು ದಿನ ನಮ್ಮ ಫಾರ್ವರ್ಡ್ ಆಡೋ ಹುಡುಗಿ ಹೆಸರು ತೋರಿಸಿ, "ಮೂರು ದಿನದಿಂದ ಇವಳು ತಿರುಗೋವಾಗ ನಿಧಾನ ಆಗ್ತಿದ್ದಾಳೆ. ಏನೋ ನೋವು ಮುಚ್ಚಿಡ್ತಿದ್ದಾಳೆ, ಕೇಳಿ ನೋಡಿ" ಅಂದ. ನಾ ದಿನಾ ನೋಡಾಕಿ, ನನಗ ಕಂಡಿರಲಿಲ್ಲ. ಕರದು ನೋಡಿದ್ರ ಮೊಳಕಾಲು ಬಾತಿತ್ತು. ಹಾಸ್ಟೆಲ್ ಬಿಡಸ್ತಾರಂತ ಅಂಜಿ ಹೇಳಿರಲಿಲ್ಲ. ಇನ್ನೊಂದು ವಾರ ಆಡಿದ್ರ ಕಾಲು ಕೆಡತಿತ್ತು ಅಂದ್ರು ಡಾಕ್ಟರು. ಆವತ್ತಿಂದ ನಾ ಆ ಯಂತ್ರ ನಂಬಿದೆ. ನಂಬಿದೆ ಅಂದ್ರ ಪೂರಾ ನಂಬಿದೆ. ಅರ್ಧ ನಂಬೋದು ನನ್ನ ಜಾಯಮಾನದಾಗ ಇಲ್ಲ.

ಮಳಿಗಾಲ ಚಾಲೂ ಆಗೋ ಹೊತ್ತಿಗೆ ಮ್ಯಾಲಿಂದ ಹುಕುಂ ಬಂತು. ನಾಕು ತಿಂಗಳು ಎಲ್ಲಾ ಹುಡುಗೇರನ್ನ ಅಳೀಬೇಕು, ಕಡೀಕ ಕೆಂಪಿನ್ಯಾಗ ಉಳದವರು ಹಾಸ್ಟೆಲ್ ಬಿಡಬೇಕು, ಅವರ ಜಾಗಾಕ್ಕ ಹೊಸಬರನ್ನ ತಗೋಬೇಕು. ಅಳತಿ ಪ್ರತಿ ಸ್ವಾಮಾರ ಮುಂಜಾನೆ. ಯಾಕಂದ್ರ ಐತವಾರ ಸೂಟಿ, ದಣಿವು ಆರಿರತೈತಿ, ಎಲ್ಲಾರೂ ಒಂದ ಸಮ ಇರತಾರ. ಓಡೋಕಿಂತ ಮೊದಲ ಟ್ಯಾಬಿನ್ಯಾಗ ನಾಕು ಪ್ರಶ್ನಿಗೆ ಉತ್ತರ ತುಂಬಬೇಕು: ನಿದ್ದಿ ಆಗೇತೇನು, ನಾಷ್ಟಾ ಆಗೇತೇನು, ಎಲ್ಲ್ಯರೆ ನೋವೈತೇನು, ತಿಂಗಳ ದಿನ ಐತೇನು. ತುಂಬೋ ಕೆಲಸ ನಂದು.

ಲೆಕ್ಕಕ್ಕ ಹಿಡಿಯೋಕಿಂತ ಮೊದಲ ಒಂದು ಸಲ ಸುಮ್ಮ ಓಡಿಸಿ ನೋಡಿದಾಗ ಜೈನಾಪುರದಾಕಿ ಹೆಸರಿನ ಮುಂದ ಹಳದಿ ಬಂತು. ಹಳದಿ ಅಂದ್ರ ಅಡ್ಡಿ ಇಲ್ಲ, ಅರ್ಧಕ್ಕರ್ಧ ಹುಡುಗೇರದು ಹಳದೀನ. ಆದ್ರ ಆಕಿ ಅಂಜಿಬಿಟ್ಟಳು. ಸಂಜಿಮುಂದ ಸ್ಟಿಕ್ ಇಡೋ ಖೋಲಿಗೆ ಬಂದು, "ಅಕ್ಕೋರ, ನನ್ನ ಹೊಳ್ಳಿ ಕಳಸ್ತಾರೇನ್ರಿ?" ಅಂದ್ಲು. ಕಣ್ಣಾಗ ನೀರು. "ಹುಚ್ಚಿ, ಕಳಸಾಕ ನೀ ಏನ ಪಾರ್ಸಲ್ಲೇನ ಬೇ?" ಅಂತ ನಗಸಾಕ ನೋಡಿದೆ. ನಗಲಿಲ್ಲ. ಆವಾಗ ನಾ ಹೇಳಿದೆ. ಯಾರೂ ಅಲ್ಲ, ನಾನ ಹೇಳಿದೆ. "ನನಗ ನೌಕರಿ ಸಿಗಲಿ ಅಂತ ನಮ್ಮವ್ವ ಹದಿನಾರು ಸ್ವಾಮಾರ ಉಪಾಸದ ಹರಕಿ ಹಿಡದಿದ್ಲು. ಸಿಗ್ತು. ನೀನೂ ಹಿಡಿ ಯವ್ವಾ. ಅಳತೀನೂ ಸ್ವಾಮಾರನ ಐತಿ, ಶಿವನ ದಿನ. ಅಂವ ಕೈ ಬಿಡಂಗಿಲ್ಲ." ಆಕಿ ಮುಖ ಅರಳಿತು. ನಾಕು ತಿಂಗಳಿಗೆ ಹದಿನಾರು ಸ್ವಾಮಾರ ಬರತಾವ ಅಂತ ಅಲ್ಲೇ ನಿಂತು ಬಟ್ಟ ಮಡಚಿ ಎಣಿಸಿದ್ಲು.

ನಮ್ಮ ಕಡೆ ಸ್ವಾಮಾರದ ಉಪಾಸಕ್ಕ ಯಾರೂ ಹಸಿವಿ ಅನ್ನಂಗಿಲ್ಲ. ನಾನೂ ಮಾಡ್ತೀನಿ. ಮುಂಜಾನೆ ಎರಡು ಸಲ ಚಾ, ಹತ್ತಕ್ಕ ಸಾಬೂದಾನಿ, ಮಧ್ಯಾಹ್ನ ಬಾಳಿಹಣ್ಣು, ಸಂಜಿಕ ದೀಪ ಹಚ್ಚಿ ಗಡದ್ದಾಗಿ ಊಟ. ಹಾಸ್ಟೆಲಿನ ಇನ್ನೂ ಇಬ್ಬರು ಮೂವರು ಹುಡುಗೇರದೂ ಇದ ಉಪಾಸ. ಈಕಿದು ಹಂಗಲ್ಲ. ಐತವಾರ ಸಂಜಿಕ ಉಂಡ್ಲಂದ್ರ ಮತ್ತ ಸ್ವಾಮಾರ ದೀಪ ಹಚ್ಚಿದ ಮ್ಯಾಲನ ಬಾಯಾಗ ತುತ್ತು. ನನಗ ಗೊತ್ತಿತ್ತು. ಗೊತ್ತಿತ್ತು ಅಷ್ಟ ಅಲ್ಲ, ಹೆಮ್ಮಿನೂ ಇತ್ತು. "ನಿಷ್ಠಿ ಅಂದ್ರ ಹಿಂಗಿರಬೇಕು ನೋಡ್ರೆ" ಅಂತ ಉಳಿದವರಿಗೆ ತೋರಸ್ತಿದ್ದೆ.

ಮೊದಲನೇ ಸ್ವಾಮಾರ ಟ್ಯಾಬ್ ಹಿಡಕೊಂಡು ಮೈದಾನದ ದಂಡಿಗೆ ನಿಂತೆ. ಆಕಿ ಹೆಸರು ಬಂತು. ನಾಷ್ಟಾ ಆಗೇತೇನು? ಬಟ್ಟು ಜರಾ ನಿಂತಿತು. ಇಲ್ಲ ಅಂತ ಒತ್ತಿದ್ರ ಯಾಕ ಇಲ್ಲ ಅಂತ ಸರ್ ಕೇಳತಾನ. ಉಪಾಸ ಅಂತ ಹೇಳಬೇಕು. ಕಲತಾಂವ, ಹೊರಗಿನಾಂವ, ನಮ್ಮ ಮಂದಿ ಇನ್ನೂ ಹಿಂಗದಾರ ಅಂತ ಮನಸಿನ್ಯಾಗ ನಕ್ಕರ? ಉಪಾಸ ಬಿಡಸ್ರಿ ಅಂದ್ರ? ಹಿಡದ ಹರಕಿ ನಡುವ ಮುರಿಯೋದು ನಮ್ಮಲ್ಲಿ ಸಣ್ಣ ಮಾತಲ್ಲ. ದೇವರ ಕೆಲಸದ್ದು ಈ ಡಬ್ಬಿಗೇನ ಬೇಕಾಗೇತಿ ಅನ್ಕೊಂಡು "ಹೌದು" ಒತ್ತಿದೆ. ಮುಂದಿನ ವಾರ ಬಟ್ಟು ನಿಲ್ಲಲೂ ಇಲ್ಲ.

ಮೂರನೇ ವಾರಕ್ಕ ಆಕಿ ಹೆಸರಿನ ಮುಂದ ಕೆಂಪು ಬಂತು. ನಾಕನೇ ವಾರಾನೂ ಕೆಂಪು. ಕೆಂಪು ಬಂದಷ್ಟೂ ಆಕಿ ಹರಕಿ ಬಿಗಿ ಮಾಡಿದ್ಲು. ಐತವಾರ ಸಂಜಿಕನೂ ಅರ್ಧ ರೊಟ್ಟಿಗೆ ಕೈ ತೊಳ್ಯಾಕ ಹತ್ತಿದ್ಲು. ಒಂದು ಸ್ವಾಮಾರ ಓಟದ ನಡುವನ ಕುಂತಬಿಟ್ಲು. ನಾ ಓಡಿಹೋಗಿ ಎಲ್ಲಾರ ಮುಂದ, "ಏನ ಬೇ, ಹಾಸ್ಟೆಲಿನ ಅನ್ನ ತಿಂದು ಸೊಕ್ಕು ಬಂತೇನ? ಕುರಿ ಹಿಂದ ಓಡಾಕ ಬರ್ತಿತ್ತು, ಇಲ್ಲಿ ಓಡಾಕ ಬ್ಯಾನಿ ಏನ?" ಅಂದೆ. ಅನ್ನ! ಹಿಂದಿನ ದಿನ ಅರ್ಧ ರೊಟ್ಟಿ ತಿಂದಾಕಿಗೆ ನಾ ಅನ್ನದ ಮಾತಾಡಿದೆ. ಆಕಿ ಎದ್ದು ಮಣ್ಣು ಝಾಡಿಸಿಕೊಂಡು, "ಇಲ್ರಿ ಅಕ್ಕೋರ, ಓಡ್ತೀನ್ರಿ" ಅಂತ ಮತ್ತ ಓಡಿದ್ಲು. ಥೂ, ನೆನಸಿಕೊಂಡ್ರ ನನ್ನ ಬಾಯಿಗೆ ನಾನ ಬಡಕೊಳ್ಳೂವಂಗ ಆಗತೈತಿ.

ನಿನಗ ಅಷ್ಟೂ ಹೊಳೀಲಿಲ್ಲೇನು ಅಂತ ನೀವು ಕೇಳಬಹುದು. ಹೊಳೀಲಿಲ್ರಿ. ನಮ್ಮವ್ವ ಉಪಾಸ ಇದ್ದ ದಿನಾನ ಹೊಲದಾಗ ದಿನಪೂರ್ತಿ ಕಳೆ ತಗದಾಕಿ. ನಮ್ಮ ಅತ್ತಿ ಉಪಾಸ ಇದ್ದು ಇಪ್ಪತ್ತು ಮಂದಿಗೆ ರೊಟ್ಟಿ ಬಡದಾಕಿ. ಉಪಾಸ ಇದ್ದಾಕಿಗೆ ಶಕ್ತಿ ಕಡಿಮಿ ಆಗತೈತಿ ಅನ್ನೋದು ನಮ್ಮ ಮನ್ಯಾಗ ಯಾರೂ ಆಡಿದ ಮಾತಲ್ಲ. ಆಡಿದ್ರ ಪಾಪ ಅಂತಿದ್ರು. ಉಳಿದ ದಿನ ಆಕಿ ಆಟ ನೋಡಿದ್ರ ಮೊದಲಿಗಿಂತ ಛಲೋ ಆಗಿತ್ತು. ಅಳತಿ ದಿನ ಮಾತ್ರ ಅಂಜತಾಳ, ಅಂಜಬುರುಕಿ, ಅಂತ ನಾ ತಿಳಕೊಂಡೆ. ಅಂಜಿಕಿ ಬಿಡಸಾಕ ಇನ್ನೂ ನಾಕು ಬೈದೆ.

ಹದಿನಾರನೇ ಸ್ವಾಮಾರ ಮುಗದು ಮೂರು ದಿನಕ್ಕ ಪಟ್ಟಿ ಬಂತು. ಕೆಳಗಿನ ನಾಕು ಹೆಸರಿನ್ಯಾಗ ಆಕಿದೂ ಇತ್ತು. ಅಳತಾಳ, ನನ್ನ ಕೈ ಹಿಡಕೊಂತಾಳ ಅಂತ ಎದಿ ಗಟ್ಟಿ ಮಾಡ್ಕೊಂಡು ಹೋದೆ. ಆಕಿ ಬನೀನು ತೊಳದು, ಒಣಗಿಸಿ, ಮಡಚಿ ನನ್ನ ಕೈಯಾಗ ಕೊಟ್ಲು. ಬಸ್‌ಸ್ಟ್ಯಾಂಡಿನ್ಯಾಗ ಅವರಪ್ಪ ಟ್ರಂಕು ತಗೊಂಡು ನನಗ ಕೈ ಮುಗದ. ಬೈದಿದ್ರ ಛಲೋ ಇತ್ತು.

ಶನಿವಾರ ಲ್ಯಾಪ್‌ಟಾಪ್ ಸರ್ ತನ್ನ ಸಾಮಾನು ಕಟ್ಟೋ ಮುಂದ ನನ್ನ ಕರದ. "ಮೇಡಂ, ಒಂದು ವಿಷಯ ನನಗೆ ಅರ್ಥ ಆಗ್ತಿಲ್ಲ" ಅಂತ ಜೈನಾಪುರದಾಕಿ ಗೆರಿ ತಗದು ತೋರಿಸಿದ. ಅಭ್ಯಾಸದ ಆಟದ ದಿನ ಎಲ್ಲಾ ಗೆರಿ ಮ್ಯಾಲ, ಎಲ್ಲಾರಕಿಂತ ಮ್ಯಾಲ. ವಾರಕ್ಕೊಮ್ಮಿ ದಬಕ್ಕನ ಕೆಳಗ. ಮತ್ತ ಮ್ಯಾಲ. ಮತ್ತ ಕೆಳಗ. "ಸೋಮವಾರ ಮಾತ್ರ ಏನಾಗ್ತಿತ್ತು ಇವಳಿಗೆ? ನಿದ್ದೆ ಸರಿ ಇದೆ, ತಿಂಡಿ ತಿಂದಿದ್ದಾಳೆ, ನೋವಿಲ್ಲ. ಎಲ್ಲ ಸರಿ ಇದ್ದೂ ಓಡಿಲ್ಲ ಅಂದ್ರೆ ಮನಸ್ಸಿಲ್ಲ ಅಂತಲೇ ಲೆಕ್ಕ ಹಿಡಿಯುತ್ತೆ. ನಿಯಮ ಹಾಗಿದೆ. ಆದ್ರೂ ನನಗೆ ಸಮಾಧಾನ ಆಗ್ಲಿಲ್ಲ."

ತಿಂಡಿ ತಿಂದಿದ್ದಾಳೆ ಅಂದ ಕೂಡಲೇ ನಾ ಅಲ್ಲೇ ಇದ್ದ ಬೆಂಚಿನ ಮ್ಯಾಲ ಕುಂತೆ. ಹೇಳಿದೆ. ಹದಿನಾರು ಸ್ವಾಮಾರದ್ದು ಹೇಳಿದೆ, ನನ್ನ ಬಟ್ಟು ಒತ್ತಿದ್ದೂ ಹೇಳಿದೆ. ಅಂವ ನಗಲಿಲ್ರಿ. ನಗತಾನಂತ ನಾ ಅಂಜಿದ್ದೆ, ಅಂವ ಕನ್ನಡಕ ತಗದು ಕಣ್ಣ ಒರಸಿಕೊಂಡ. "ಇಲ್ಲ ಅಂತ ಒತ್ತಿದ್ರೆ ಆ ದಿನದ ಓಟಾನ ಲೆಕ್ಕಕ್ಕೇ ತಗೋತಿರಲಿಲ್ಲ ಮೇಡಂ. ಆ ಪ್ರಶ್ನೆ ಇಟ್ಟಿದ್ದೇ ಅದಕ್ಕೆ. ಮಂಗಳವಾರ ಓಡಿಸ್ತಿದ್ವಿ, ಅಷ್ಟೇ" ಅಂದ. ಆಮ್ಯಾಲ ಅಂದ, "ತಪ್ಪು ತುಂಬಿದ್ದೀನಿ ಅಂತ ನೀವು ಬರೆದು ಸಹಿ ಮಾಡಿ ಕೊಡಿ. ಈ ತಿಂಗಳು ಮುಗಿಯೋದ್ರೊಳಗೆ ಕೊಟ್ರೆ ಅವಳಿಗೆ ಮತ್ತೆ ಪರೀಕ್ಷೆ ಮಾಡಿಸ್ತೀನಿ. ಅವಳು ಪಾಸಾಗ್ತಾಳೆ, ನನಗೆ ಅನುಮಾನ ಇಲ್ಲ."

ಬರದು ಕೊಡೋದು. ಒಂದು ಹಾಳಿ, ಒಂದು ಸಹಿ. ಶನಿವಾರ ಹಾಳಿ ತಗೊಂಡು ಕುಂತೆ. ಸುಳ್ಳು ಮಾಹಿತಿ ತುಂಬೇನಿ ಅಂತ ಸರಕಾರಿ ನೌಕರಿಯಾಕಿ ಸಹಿ ಮಾಡಿದ್ರ ಮುಂದ ಏನಾಗತೈತಿ ಅಂತ ಇಪ್ಪತ್ತೆರಡು ವರ್ಷದ ನೌಕರಿಯಾಗ ನೋಡೇನಿ. ಚೌಕಶಿ ಆಗತೈತಿ. ಸಸ್ಪೆಂಡ್ ಆಗತೈತಿ. ಬಾಯಿ ಜೋರಿದ್ದಾಕಿ ಬೀಳೋದನ್ನ ನೋಡಾಕ ಭಾಳ ಮಂದಿ ಕಾಯಾಕತ್ತಾರ. ನಾ ಹೋದ್ರ ಉಳಿದ ಹುಡುಗೇರಿಗೆ ಯಾರು ದಿಕ್ಕು ಅಂತ ನನಗ ನಾನ ಹೇಳ್ಕೊಂಡೆ. ಆಕಿ ಜಾಗಾಕ್ಕ ಬರೋ ಇಟ್ಟಂಗಿಹಾಳದ ಹುಡುಗಿದು ಏನ ತಪ್ಪು ಅಂತ ಅಂದ್ಕೊಂಡೆ. ಇವೆಲ್ಲಾ ನೆವ. ಖರೆ ಅಂದ್ರ ನಾ ಅಂಜಿದ್ದೆ. ಸ್ವಾಮಾರ ಮಧ್ಯಾಹ್ನ ಮಾತ್ರ ಮನಸು ಗಟ್ಟಿ ಮಾಡಿ, ಮೊದಲ ಅವರ ಮನಿಯಾಗ ಖರೆ ಹೇಳಿಬಿಡ್ತೀನಿ, ಹೇಳಿದ ಮ್ಯಾಲ ಬರಿಯೋದು ತಪ್ಪಂಗಿಲ್ಲ ಅಂತ ಬಬಲೇಶ್ವರದ ಬಸ್ ಹತ್ತಿದೆ. ತಿಂಗಳು ಮುಗಿಯಾಕ ಇನ್ನೂ ಒಂಬತ್ತು ದಿನ ಇದ್ವು.

ಜೈನಾಪುರ ಮುಟ್ಟೋದ್ರಾಗ ಸಂಜಿ ಆಗಿತ್ತು. ಅವರ ಮನಿ ಅಂಗಳದಾಗ ಮುತ್ತೈದೇರು ಊಟಕ್ಕ ಕುಂತಿದ್ರು. ಹುಡುಗಿ ಹಸರು ಸೀರಿ ಉಟ್ಟಕೊಂಡು ಮಾದಲಿ ಬಡಸಾಕತ್ತಿದ್ಲು. ಸೀರ್‍ಯಾಗ ಆಕಿನ್ನ ನಾ ಅದ ಮೊದಲು ನೋಡಿದ್ದು. ಹದಿನಾರು ಸ್ವಾಮಾರ ಮುಗದ ಮ್ಯಾಲ ಮಾಡೋ ಉದ್ಯಾಪನಿ. "ಬರ್ರಿ ಅಕ್ಕೋರ, ಛಲೋ ಹೊತ್ತಿಗೆ ಬಂದ್ರಿ, ಕುಂದರ್ರಿ" ಅಂದ್ಲು ಅವರವ್ವ. "ಬೇಡಿದ್ದು ಆಗಲಿಲ್ಲ ಖರೆ. ಆದ್ರ ಅರ್ಧಕ್ಕ ಬಿಟ್ರ ಹರಕಿ ಕಾಡತೈತಲ್ರಿ. ಅದಕ್ಕ ಮುಗಸಾಕತ್ತೇವಿ." ಸಣ್ಣ ಮಾವನ ಮನಿಯವರು ಬಂದು ಹೋಗ್ಯಾರ, ಮಾತು ಪಕ್ಕಾ ಆಗೇತಿ, ಹದಿನೆಂಟು ವರ್ಷ ತುಂಬೋ ತನಕ ಮದಿವಿ ಮಾಡಂಗಿಲ್ಲ, ಕಾಯ್ದೆ ಐತಂತ ಗೊತ್ತೈತಿ, ಸಾಲಿ ಅಷ್ಟ ಬಿಡಿಸೇವಿ ಅಂತ ಸಾವಕಾಶ ಹೇಳಿದ್ಲು. ನಾ ಗೋಣು ಹಾಕಿದೆ.

ನನ್ನ ತಾಟಿಗೆ ಮಾದಲಿ ನೀಡಿ ಮ್ಯಾಲ ತುಪ್ಪ ಹಾಕಿ, ಹುಡುಗಿ ನನ್ನ ಮುಂದ ಕುಂತ್ಲು. ಮುಖ ಸಣ್ಣದಾಗಿತ್ತು. ಅವರವ್ವ ಒಳಗ ಹೋಗೋದನ್ನ ಕಾದು, ದನಿ ತಗ್ಗಿಸಿ ಕೇಳಿದ್ಲು.

"ಅಕ್ಕೋರ, ನಿಮಗೊಂದು ಮಾತು ಕೇಳಬೇಕಾಗಿತ್ರಿ. ಯಾರ ಮುಂದೂ ಹೇಳಿಲ್ಲ. ಓಡೋ ಮುಂದ ಕುಂತಬಿಟ್ಟಿದ್ನಲ್ರಿ, ಆವತ್ತು ಓಟ ಮುಗದ ಮ್ಯಾಲ ಕಣ್ಣಿಗೆ ಕತ್ತಲಿ ಬಂದು ನಳದ ಹತ್ರ ಹೋಗಿ ನೀರ ಕುಡದಿದ್ದೆ. ದೀಪ ಹಚ್ಚೋ ತನಕ ನೀರೂ ಮುಟ್ಟಂಗಿಲ್ಲ ಅಂತ ಬೇಡ್ಕೊಂಡಿದ್ದೆ. ನನ್ನ ಹರಕಿ ಅದಕ್ಕ ಕೆಟ್ಟಿರಬೇಕೇನ್ರಿ?"

ಹೇಳಾಕ ಬಂದಿದ್ದ ಮಾತು ಹೇಳಾಕ ಇದಕ್ಕಿಂತ ಛಲೋ ಹೊತ್ತು ಇನ್ನೊಂದಿರಲಿಲ್ಲ. ನಿಂದೇನೂ ತಪ್ಪಿಲ್ಲ ಯವ್ವಾ, ತಪ್ಪು ನಂದು, ನಾಳೆ ನನ್ನ ಜೋಡಿ ಬಾ. ಇಷ್ಟ. ನಾಲಿಗಿ ತುದಿಗೆ ಬಂದಿತ್ತು. ಅಂಗಳದಾಗ ಊರ ಮುತ್ತೈದೇರು ಎಲ್ಲಾರೂ ನನ್ನ ಕಡೆನ ನೋಡಾಕತ್ತಿದ್ರು.

"ಇರಬೇಕು ಬೇ" ಅಂದೆ.

ಆಕಿ ಉಸರು ಬಿಟ್ಲು. ನಂಬ್ರಿ ಬಿಡ್ರಿ, ಆಕಿ ಮುಖ ಹಗುರ ಆತು. ಯಾಕ ಹಿಂಗಾತು ಅಂತ ಇಷ್ಟು ದಿನ ತಿಳೀದಾಕಿಗೆ ಒಂದು ಕಾರಣ ಸಿಕ್ಕಿತ್ತು. "ಹಂಗಾದ್ರ ಬರೋ ಸ್ವಾಮಾರದಿಂದ ಮತ್ತ ಹದಿನಾರು ಹಿಡೀತೀನ್ರಿ ಅಕ್ಕೋರ. ಈ ಸಲ ನೀರ ಮುಟ್ಟಂಗಿಲ್ಲ. ಆಮ್ಯಾಲರೆ ಕರಸ್ಕೊಂತೀರಿಲ್ಲ?"

ಬ್ಯಾಡ ಅನ್ನಬೇಕಂತ ಬಾಯಿ ತಗದೆ. ಬ್ಯಾಡ ಅಂದ್ರ ಯಾಕ ಅಂತ ಕೇಳತಿದ್ಲು. ತಾಟಿನ್ಯಾಗಿನ ಮಾದಲಿ ತಿಂದು ಮುಗಿಸಿ, ಕೈ ತೊಳಕೊಂಡು, ಕಡೀ ಬಸ್ಸಿಗೆ ಹೊಳ್ಳಿ ಬಂದೆ. ಹಾಳಿ ಖಾಲಿನ ಉಳೀತು, ಉಳದ ಒಂಬತ್ತು ದಿನಾನೂ ಹೋದ್ವು.